ಖೋ

ಜುಲೈ ಮೂರನೇ ವಾರ. ಮಳಿ ಬರ್ತೀನಿ ಬರ್ತೀನಿ ಅಂತ
ಶಹಾಬಾದ್ ರೋಡಿನ ತನಕ ಬಂದು ವಾಪಸ್ ಹೋಗಿತ್ತು.
ಕಲಬುರಗಿಯ ನಮ್ಮ ಸಿಮೆಂಟ್ ಕೋರ್ಟು
ರೊಟ್ಟಿ ಹಂಚಿನಂಗ ಕಾದಿತ್ತು.
ಒಂದು ಕಡಿ ರಿಂಗಿಗಿ ಜಾಳಿಗಿ ಇತ್ತು, ಒಂದು ಕಡಿ ಇದ್ದಿಲ್ಲ.
ಫಸ್ಟ್ ಇಯರಿನ ನಾಲ್ಕು ಹುಡುಗ್ಯಾರು
ಗ್ವಾಡಿ ನೆರಳಿಗಿ ನಿಂತಿದ್ರು, ದುಪಟ್ಟಾ ಸೊಂಟಕ್ಕ ಬಿಗಿದು.

ಅವರಾಗ ಒಬ್ಬಾಕಿ ಸೋನಾಬಾಯಿ ರಾಠೋಡ್,
ಕಮಲಾಪುರದ ಆಚಿ ತಾಂಡಾದಾಕಿ.
ಏನ್ ಆಡೀದಿ ಅಂದ್ರ, ಖೋಖೋ ಅಂದ್ಳು.
ಚೆಂಡು ಕೊಟ್ಟೆ. ಎದಿಗಿ ಅವಚಿಕೊಂಡು ಓಡಿದ್ಳು.
ಸೀಟಿ ಊದಿದೆ: ಟ್ರಾವೆಲಿಂಗ್.
ಮತ್ತ ಓಡಿದ್ಳು. ಮತ್ತ ಸೀಟಿ.
"ಅಕ್ಕಾ, ತಾಂಡಾದಿಂದ ಬಸ್ಸಿನ ತನಕ
ದಿನಾ ಮೂರು ಕಿಲೋಮೀಟರ್ ನಡೀತೀನಿ, ಯಾರೂ ಊದಂಗಿಲ್ಲ.
ಇಲ್ಲಿ ಮೂರು ಹೆಜ್ಜಿಗೇ ತಪ್ಪಾ?"
ಎಲ್ಲಾರೂ ನಕ್ಕಿವಿ. ಆಕಿ ನಗಲಿಲ್ಲ.
ಆಕಿಗಿ ಉತ್ತರ ಬೇಕಾಗಿತ್ತು. ನನ್ನ ಹಂತ್ಯಾಕ ಇದ್ದಿಲ್ಲ.

ಆಳಂದದ ಹುಡುಗಿ ವಾರಕ್ಕೇ ಬಿಟ್ಟಳು. ಬೆರಳು ಬಾತಿತ್ತು;
ಹೇಳಿದ್ದು ಬ್ಯಾರೆ ಕಾರಣ.
ನುಜಹತ್ ಉಳಿದ್ಳು. ಅವರಪ್ಪಂದು ಸೈಕಲ್ ಅಂಗಡಿ,
ಅವತ್ತಿನಿಂದ ನಮ್ಮ ಚೆಂಡು ಒಮ್ಮೆನೂ ಮೆತ್ತಗಾಗಲಿಲ್ಲ.
ಸೋನಾ ಪಾಸ್ ಕೊಡುವಾಗೆಲ್ಲಾ "ಖೋ!" ಅಂತಿದ್ದಳು,
ಚೆಂಡಿಗಿಂತ ಮೊದಲು ಮಾತು ಬಂದು ಮುಟ್ಟತಿತ್ತು.
ಇದು ಆ ಆಟ ಅಲ್ಲವ್ವಾ, ಅಂತ ಪಿ.ಟಿ. ಮೇಡಂ ತಲಿ ಹಿಡಕೊಂಡ್ರು.
ಆಕಿ ನಾಲಿಗಿ ತಿದ್ದಲಿಕ್ಕ ಒಂದು ತಿಂಗಳು ಹೋಯಿತು.
ಎರಡನೇ ತಿಂಗಳು ನಮಗೆಲ್ಲಾ ಹತ್ತಿತು.

ಸೆಪ್ಟೆಂಬರಿನಾಗ ನೋಟಿಸ್ ಬೋರ್ಡಿಗಿ ಪಟ್ಟಿ ಹಚ್ಚಿದ್ರು.
ಗೆರಿ ಮ್ಯಾಲ ಐದು ಹೆಸರು. ನಂದು ಗೆರಿ ಕೆಳಗ.
ಎರಡು ವರ್ಷ ನಾನು ನಿಂತ ಜಾಗದಾಗ: ಸೋನಾಬಾಯಿ.
ಛಲೋ ಆಯ್ತು, ಅಂದೆ. ಎಲ್ಲಾರ ಮುಂದ ಅಂದೆ.
ಹಾಸ್ಟೆಲಿನ ಬಚ್ಚಲದಾಗ ನಳ ಬಿಟ್ಟು ಅಳ್ತಾ ಕುಂತೆ.
ನೀರು ಬರೋದು ಅರ್ಧ ತಾಸು,
ಹೊರಗ ಬಕೀಟು ಹಿಡಕೊಂಡವರು ಬಾಗಿಲು ಬಡೀಲತ್ತಿದ್ರು.
ಪೂರಾ ಅಳಲಿಕ್ಕೂ ಆಗಲಿಲ್ಲ.

ಬೀದರದಾಗ ಫೈನಲ್. ಕೆಂಪು ಮಣ್ಣು, ಥಣ್ಣನ ಗಾಳಿ,
ಎದುರಿನವರೆಲ್ಲಾ ನಮಗಿಂತ ಗೇಣು ಎತ್ತರ.
ಸೋನಾ ಅವರ ಕಂಕುಳ ಕೆಳಗಿಂದ ನುಸುಳತಿದ್ದಳು,
ಬಲಕ್ಕ ವಾಲಿ ಎಡಕ್ಕ ಹಾರತಿದ್ದಳು,
"ಖೋ!" ಅಂದ ಕಡಿ ಅವರು ತಿರುಗಿದ್ರ ಅಲ್ಲಿ ಯಾರೂ ಇಲ್ಲ,
ಚೆಂಡು ಈ ಕಡಿ ನುಜಹತ್ ಕೈಯಾಗ.
ನಾನು ಬೆಂಚಿನ ಮ್ಯಾಲ ಟವೆಲ್ ಮಡಚತಿದ್ದೆ,
ಬಿಚ್ಚಿ ಮತ್ತ ಮಡಚತಿದ್ದೆ.

ನಾಲ್ಕು ನಿಮಿಷ ಬಾಕಿ, ಎರಡು ಪಾಯಿಂಟ್ ಹಿಂದ.
ಆಕಿದು ಐದನೇ ಫೌಲ್.
ಸೀಟಿ ಕೇಳಿದಾಗ ನನ್ನೊಳಗ ಏನೋ ಸಣ್ಣದೊಂದು ಖುಷಿಯಾಯಿತು.
ಸುಳ್ಳು ಯಾಕ ಹೇಳಲಿ.
ಆಕಿ ಬಂದ್ಳು. ಕೂಡಲಿಲ್ಲ.
ಬೆಂಚಿನ ಹಿಂದ ಸುತ್ತಿ ಬಂದು
ಬೆನ್ನಿಗಿ ಹಸ್ತ ಊರಿ ಬಡದ್ಳು: ಖೋ.

ಆ ಆಟದ ಕಾನೂನು ನನಗೂ ಗೊತ್ತಿತ್ತು, ಸಾಲ್ಯಾಗ ಆಡಿದ್ದೆ.
ಖೋ ಕೊಡದ ಏಳೋಹಂಗಿಲ್ಲ.
ಕೊಟ್ಟ ಮ್ಯಾಲ ಕೂಡೋಹಂಗಿಲ್ಲ.
ಮನಸ್ಸು ಇನ್ನಾ ಟವೆಲ್ ಮಡಚತಿತ್ತು,
ಮೊಣಕಾಲು ಎದ್ದು ಹೋಗಿದ್ದವು.

ಗೆದ್ದಿರೇನು ಅಂತ ಎಲ್ಲಾರೂ ಕೇಳತಾರ.
ಒಂದು ಪಾಯಿಂಟಿಗಿ ಸೋತಿವಿ.
ನಾನು ಹಾಕಿದ್ದು ಎರಡು, ತಪ್ಪಿಸಿದ್ದು ನಾಲ್ಕು.
ಹುಮನಾಬಾದ್ ದಾಟಿದ ಮ್ಯಾಲ ಸೋನಾ ಚೀಲ ಬಿಚ್ಚಿ
ತಮ್ಮೂರ ಕಡಿ ಕೆಂಪು ಬಾಳಿಹಣ್ಣು ಹಂಚಿದ್ಳು, ಸ್ವಲ್ಪ ಹಿಚಗಿದ್ದವು.
ಯಾರೂ ಮಾತಾಡಲಿಲ್ಲ. ಸಿಪ್ಪಿ ಎಲ್ಲಿ ಒಗೀಬೇಕು
ಅಂತ ಮೇಡಂ ಒಬ್ಬರೇ ಕೇಳಿದ್ರು.

ಕಮಲಾಪುರ ಸ್ಟ್ಯಾಂಡಿನಾಗ ಇಳಿದ್ಳು. ರಾತ್ರಿ ಹತ್ತಾಗಿತ್ತು.
ಅವರಣ್ಣ ಬ್ಯಾಟರಿ ಹಿಡಕೊಂಡು ನಿಂತಿದ್ದ.
ಬೆಳಕಿನ ದುಂಡಗಿನೊಳಗ ಹೆಜ್ಜಿ ಇಡ್ತಾ
ಒಂದು, ಎರಡು, ಮೂರು,
ನುಜಹತ್ ನನ್ನ ಕೊರಳಾಗಿನ ಸೀಟಿ ಕಸಗೊಂಡು
ಕಿಟಕಿಯಿಂದ ಜೋರಾಗಿ ಊದಿದ್ಳು.

ಸೋನಾ ನಿಂತ್ಳು. ತಿರುಗದೆನೇ
ಎರಡೂ ಮುಷ್ಟಿ ಮ್ಯಾಲ ಎತ್ತಿ
ಒಂದರ ಸುತ್ತ ಒಂದು ತಿರುವಿದ್ಳು, ರೆಫರಿ ತಿರುವಿದಂಗ.
ಮತ್ತ ನಡೆದ್ಳು.